ಗೆಳೆಯನಿಗೊಂದು ಪತ್ರ: ಮರ್ಸಿ ದಡದ ಹಳದಿ ಗಾಡಿಗಳು

ಪ್ರಿಯ ಗೆಳೆಯ,

ನಾವೆಲ್ಲ ಕ್ಷೇಮ. ನಿನ್ನ ಸಂದೇಶ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. "ಐವತ್ಮೂರೂ ಒಂದೇ ಅಚ್ಚಿನ ಗಾಡಿಗಳು. ಒಂದರಲ್ಲಿ ಕೂತರೆ ಎಲ್ಲದರಲ್ಲೂ ಕೂತಂತಾಗಲಿಲ್ಲವೇ?" ಎಂದು ಕೇಳಿದ್ದೀಯ. ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ವೈಡಿಎಂ-4 ಎಂಬ ಮೀಟರ್ ಗೇಜ್ ಡೀಸೆಲ್ ಎಂಜಿನ್ನುಗಳ ನಂಬರನ್ನು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದವನು ಕೇಳುವ ಮಾತೇ ಇದು? ಆ ಎಂಜಿನ್ನುಗಳೂ ಒಂದೇ ಅಚ್ಚಿನವೇ ಆಗಿದ್ದವು. ಆಗ ನಿನಗೆ ಒಂದೊಂದರ ಹಾರ್ನೂ ಬೇರೆ ಬೇರೆಯಾಗಿ ಕೇಳುತ್ತಿತ್ತು.

ಇರಲಿ. ಶನಿವಾರ ಕ್ಲಾಸ್ 777 ಮುಗಿಸಿದೆ, ಅಂದರೆ ಇಲ್ಲಿನ ಮರ್ಸಿರೈಲಿನ ಆ ಐವತ್ಮೂರು ಗಾಡಿಗಳಲ್ಲೂ ಕೂತಾಯಿತು. ಒಂದೂ ಬಾಕಿಯಿಲ್ಲ. ಇದನ್ನು ಹೇಳಿದರೆ ಮನೆಯಲ್ಲಿ "ಹೌದಾ, ಸಂತೋಷ" ಎಂದಷ್ಟೇ ಅಂದರು. ಆದ್ದರಿಂದ ವಿವರವೆಲ್ಲ ನಿನ್ನ ಪಾಲಿಗೆ.

ಮರ್ಸಿರೈಲ್ ಎಂದರೆ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಸುತ್ತಲಿನ ಊರುಗಳ ಲೋಕಲ್ ರೈಲು. ಮರ್ಸಿ ನದಿಯ ಈಚೆ ದಡದಲ್ಲಿ ನಾರ್ದರ್ನ್ ಮಾರ್ಗ. ಆಚೆ ದಡಕ್ಕೆ, ನದಿಯ ಕೆಳಗಿನ ಸುರಂಗದಲ್ಲಿ ಹಾದುಹೋಗುವುದು ವಿರಲ್ ಮಾರ್ಗ. ತಲೆಯ ಮೇಲೆ ತಂತಿಯಿಲ್ಲ. ಹಳಿಯ ಪಕ್ಕದಲ್ಲೇ ಮೂರನೆಯ ಹಳಿಯೊಂದಿದ್ದು ಅದರಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ. ಈಗ ಈ ಮಾರ್ಗಗಳಲ್ಲಿ ಓಡುವುದು ಸ್ವಿಟ್ಜರ್ಲೆಂಡಿನ ಸ್ಟ್ಯಾಡ್ಲರ್ ಕಂಪನಿಯ 777 ಗಾಡಿಗಳು ಮಾತ್ರ. ನಾಲ್ಕು ಬೋಗಿ ಸೇರಿ ಒಂದು ಸೆಟ್ಟು, ಉದ್ದ 65 ಮೀಟರ್, ಬಣ್ಣ ಕಪ್ಪು ಹಳದಿ. ಬಾಗಿಲು ತೆರೆಯುವಾಗ ಕೆಳಗಿನಿಂದ ಒಂದು ಹಲಗೆ ಹೊರಚಾಚಿ ಪ್ಲಾಟ್‌ಫಾರಂ ಸಂದನ್ನು ಮುಚ್ಚುತ್ತದೆ. ಗಾಲಿಕುರ್ಚಿಯಲ್ಲಿರುವವರು ಯಾರ ನೆರವೂ ಇಲ್ಲದೆ ಸಲೀಸಾಗಿ ಒಳಗೆ ಹೋಗುತ್ತಾರೆ. ನಮ್ಮ ಕಡೆ ಅಜ್ಜಿಯಂದಿರನ್ನು ಕೈಹಿಡಿದು ಎಳೆದು ಹತ್ತಿಸುವುದು ನೆನಪಾಗುತ್ತದೆ.

ನಂಬರು 777001ರಿಂದ 777053ರ ವರೆಗೆ ಸರಾಗವಾಗಿ ಇರಬಹುದಿತ್ತು. ಆದರೆ ಕೊನೆಯ ಭಾಗದಲ್ಲಿ ಸಮಸಂಖ್ಯೆಯ ಏಳು ಸೆಟ್ಟುಗಳಿಗೆ ದೊಡ್ಡ ಬ್ಯಾಟರಿ ಕೂರಿಸಿ, ನಂಬರನ್ನೂ ಬದಲಿಸಿ 777140, 777142 ಎಂದು 777152ರ ವರೆಗೆ ಕೊಟ್ಟರು. ನನಗೆ ಉಳಿದಿದ್ದ ಮೂರರಲ್ಲಿ ಒಂದು ಈ ಗುಂಪಿನದು, 777148. ಇನ್ನೆರಡು 011 ಮತ್ತು 034.

ನನ್ನ ನಿಯಮ ನಿನಗೆ ಗೊತ್ತಿರಲಿ: ಕಣ್ಣಿಗೆ ಬಿದ್ದರೆ ಸಾಲದು, ಹತ್ತಿ ಒಂದು ನಿಲ್ದಾಣವಾದರೂ ಹೋಗಬೇಕು. ಇಲ್ಲಿ ಹಳಬರಲ್ಲಿ ನೋಡಿದರೆ ಸಾಕೆನ್ನುವವರೇ ಹೆಚ್ಚು. 1942ರಲ್ಲಿ ಇಲ್ಲಿನ ಸದರ್ನ್ ರೈಲ್ವೆಯ ಯುವ ನೌಕರ ಇಯಾನ್ ಅಲನ್ ಎಂಜಿನ್ ನಂಬರುಗಳ ಪಟ್ಟಿಯನ್ನು ಸಣ್ಣ ಪುಸ್ತಕವಾಗಿ ಅಚ್ಚುಹಾಕಿಸಿದ. ಅಲ್ಲಿಂದ ಕಂಡ ನಂಬರಿನ ಕೆಳಗೆ ಗೆರೆ ಎಳೆಯುವುದು ಈ ದೇಶದ ಹುಡುಗರಿಗೆ ಹುಚ್ಚಾಗಿ ಹಿಡಿಯಿತು. ಆದರೆ ನೋಡುವುದಕ್ಕೆ ಸೇತುವೆಯ ಮೇಲೆ ನಿಂತರೂ ಆಯಿತು. ಹತ್ತುವುದಾದರೆ ಗಾಡಿ ಎಲ್ಲಿಗೆ ಹೊರಟಿದೆಯೋ ಅಲ್ಲಿಗೆ ನಾವೂ ಹೊರಡಬೇಕು. ಅದರಲ್ಲೇ ನನಗೆ ಖುಷಿ.

ಹೊಸ ಗಾಡಿಗಳು, ಇನ್ನೂ ಹತ್ತಾರು ವರ್ಷ ಓಡುತ್ತವೆ, ಇಷ್ಟು ಅವಸರವೇಕೆ ಎಂದೂ ಕೇಳಿದ್ದೀಯ. ಕೇಳು. ಇವು ಬರುವ ಮೊದಲು ಇಲ್ಲಿ 507 ಮತ್ತು 508 ಎಂಬ ಎರಡು ಕ್ಲಾಸುಗಳಿದ್ದವು. 1978ರಿಂದ 80ರ ನಡುವೆ ಯಾರ್ಕ್‌ನಲ್ಲಿ ಕಟ್ಟಿದವು. 508ರ ಕಥೆ ನಿನಗೆ ಹಿಡಿಸುತ್ತದೆ. ಅವು ಮೊದಲು ಓಡಿದ್ದು ಲಂಡನ್ನಿನ ಆಸುಪಾಸಿನಲ್ಲಿ, ನಾಲ್ಕು ಬೋಗಿ ಇಟ್ಟುಕೊಂಡು. ಲಿವರ್‌ಪೂಲಿಗೆ ಕಳಿಸುವಾಗ ಒಂದೊಂದು ಬೋಗಿಯನ್ನು ಅಲ್ಲೇ ಬಿಡಿಸಿಕೊಂಡು 455 ಎಂಬ ಬೇರೆ ಕ್ಲಾಸಿನ ಗಾಡಿಗಳ ನಡುವೆ ಸೇರಿಸಿದರು. ಮೂರು ಬೋಗಿ ಇಲ್ಲಿ, ಒಂದು ಬೋಗಿ ಮುನ್ನೂರು ಕಿಲೋಮೀಟರಿನಾಚೆ. ಆಸ್ತಿ ಪಾಲಾದ ಮನೆಯ ಹಾಗೆ. ಚಾವಣಿಯ ಆಕಾರ ಬೇರೆ ಇದ್ದುದರಿಂದ ಆ ಬೋಗಿ ಯಾವುದೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ನಾನು ಈ ಊರಿಗೆ ಬರುವಷ್ಟರಲ್ಲಿ ಹಲವು ಸೆಟ್ಟುಗಳು ಗುಜರಿಗೆ ಹೋಗಿದ್ದವು, 2024ರಲ್ಲಿ ಎಲ್ಲವೂ ನಿಂತವು. ನನ್ನ ಪಟ್ಟಿ ಅರ್ಧಕ್ಕೇ ಉಳಿಯಿತು. ಅರಸೀಕೆರೆಯಲ್ಲೂ ಆದದ್ದು ಅದೇ ಅಲ್ಲವೇ? ಗೇಜ್ ಪರಿವರ್ತನೆ ಮುಗಿದದ್ದೇ ತಡ, ಮೀಟರ್ ಗೇಜ್ ಎಂಜಿನ್ನುಗಳು ಎಲ್ಲಿ ಹೋದವೋ. ಹೊಸದಿರುವಾಗಲೇ ಮುಗಿಸಿಬಿಡಬೇಕು ಎಂದು ಈ ಸಲ ಹಟ ತೊಟ್ಟಿದ್ದೆ.

ಬೆಳಿಗ್ಗೆ ದಿನದ ಟಿಕೆಟ್ ಕೊಂಡು ನೇರವಾಗಿ ಸ್ಯಾಂಡ್‌ಹಿಲ್ಸ್‌ಗೆ ಹೋದೆ. ಸೌತ್‌ಪೋರ್ಟ್, ಆರ್ಮ್ಸ್‌ಕರ್ಕ್, ಹೆಡ್‌ಬೋಲ್ಟ್ ಲೇನ್, ಈ ಮೂರು ಕವಲುಗಳೂ ಕೂಡುವ ಜಾಗ ಅದು. ನಾರ್ದರ್ನ್ ಮಾರ್ಗದಲ್ಲಿ ಉತ್ತರಕ್ಕೆ ಹೋಗುವ ಯಾವ ಗಾಡಿಯೂ ಅದನ್ನು ತಪ್ಪಿಸಿಕೊಂಡು ಹೋಗಲಾರದು. ಎರಡು ಹಳಿಗಳ ನಡುವೆ ಎತ್ತರದಲ್ಲಿ ಒಂದು ಪ್ಲಾಟ್‌ಫಾರಂ, ಕೆಳಗೆ ಹಡಗುಕಟ್ಟೆಯ ಹಳೆಯ ಉಗ್ರಾಣಗಳು, ನದಿಯ ಕಡೆ ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಹೊಸ ಕ್ರೀಡಾಂಗಣ. ಅಲ್ಲಿ ಬೀಸುವ ಗಾಳಿಗೆ ಕೈಯ ಪೆನ್ನು ಕೂಡ ಮರಗಟ್ಟುತ್ತದೆ.

ಬ್ಯಾಟರಿ ಗಾಡಿಗಳು ಬೇಕಾಗುವುದು ಹೆಡ್‌ಬೋಲ್ಟ್ ಲೇನ್ ಕವಲಿಗೆ. ಹದಿನೈದು ನಿಮಿಷಕ್ಕೊಂದು ಗಾಡಿ, ಒಂದು ಕಡೆಯ ಓಟಕ್ಕೆ ಸುಮಾರು ಇಪ್ಪತ್ತು ನಿಮಿಷ. ಅಂದರೆ ನಾಲ್ಕು ಸೆಟ್ಟಿದ್ದರೆ ಆ ಕವಲು ನಡೆಯುತ್ತದೆ. ಒಂದು ಗಂಟೆ ನಿಂತರೆ ನಾಲ್ಕೂ ಮುಂದೆ ಹಾದುಹೋಗುತ್ತವೆ, ಹೊಸ ನಂಬರು ಬರುವುದಿಲ್ಲ. ಈ ಲೆಕ್ಕ ಹಾಕಿಕೊಂಡು ನಿಂತೆ. 142, 150, 144, 146 ಬಂದವು. ಮತ್ತೆ 142 ಬಂದಾಗ ಆಸೆ ಬಿಟ್ಟೆ. 148 ಅಂದು ಹೊರಗೆ ಬಂದೇ ಇರಲಿಲ್ಲ.

ಆದರೆ ಅಷ್ಟರಲ್ಲಿ ಸೌತ್‌ಪೋರ್ಟ್ ಕಡೆಗೆ ಎರಡು ಸೆಟ್ಟು ಜೋಡಿಸಿದ ಗಾಡಿ ಬಂತು. ಮುಂದಿನದು 020, ನನಗೆ ಬೇಡ. ಹಿಂದಿನದು 034! ಒಂದು ಸೆಟ್ಟಿನ ಒಳಗೆ ಈ ತುದಿಯಿಂದ ಆ ತುದಿಗೆ ನಡೆದುಹೋಗಬಹುದು, ನಡುವೆ ಬಾಗಿಲುಗಳೇ ಇಲ್ಲ. ಆದರೆ ಎರಡು ಸೆಟ್ಟುಗಳ ನಡುವೆ ದಾರಿಯಿಲ್ಲ. ನಾನು ನಿಂತಿದ್ದದ್ದು ಮುಂದಿನ ತುದಿಯಲ್ಲಿ. ಓಡುವ ವಯಸ್ಸೂ ಅಲ್ಲ, ಓಡಲು ಸಮಯವೂ ಇಲ್ಲ. 020ರ ಮೊದಲ ಬಾಗಿಲಿಗೆ ನುಗ್ಗಿ, ಒಳಗೊಳಗೇ ಅದರ ಕೊನೆಯ ಬಾಗಿಲವರೆಗೆ ನಡೆದೆ. ಮುಂದಿನ ನಿಲ್ದಾಣ ಬ್ಯಾಂಕ್ ಹಾಲ್. ಬಾಗಿಲು ತೆರೆದದ್ದೇ ಇಳಿದು, ನಾಲ್ಕು ದಾಪುಗಾಲು ಹಾಕಿ 034ರ ಮೊದಲ ಬಾಗಿಲೊಳಗೆ ಹೋದೆ. ಅಲ್ಲಿ ಕೂತಿದ್ದ ಒಬ್ಬ ಮುದುಕ ಮೊದಲು ನನ್ನ ಕೈಯ ನೋಟ್‌ಬುಕ್ಕನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಹಿಂದಿನದು ಬೇಕಿತ್ತೇನು?" ಎಂದ. ಈ ರೋಗ ಇದ್ದವರಿಗೆ ರೋಗಿಯ ಗುರುತು ಹತ್ತುವುದಕ್ಕೆ ಹೊತ್ತು ಬೇಕಾಗುವುದಿಲ್ಲ. 507 ಮತ್ತು 508ರಲ್ಲಿ ಆತ ಹತ್ತದೇ ಬಿಟ್ಟ ಸೆಟ್ಟು ಒಂದೂ ಇಲ್ಲವಂತೆ. ಹೊಸ ಗಾಡಿಗಳ ನಂಬರು ಬರೆಯುವುದಿಲ್ಲವಂತೆ, "ಸದ್ದೇ ಇಲ್ಲದ ಗಾಡಿಯಲ್ಲಿ ಬರೆಯುವುದಕ್ಕೆ ಏನಿದೆ?" ಎಂದ. ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ನಿಂತ ಗಾಡಿ ಹೊರಡುವಾಗ 777 ಕೊಳಲಿನ ಕೆಳಸ್ವರದಂಥ ಒಂದು ದನಿ ತೆಗೆದು ಮೇಲೇರುತ್ತದೆ. ಮುಂದಿನ ಸಲ ಬಂದಾಗ ನಿನಗೆ ಕೇಳಿಸುತ್ತೇನೆ.

ಮುದುಕನ ಜೊತೆ ಮಾತಾಡುತ್ತಾ ಕೆಲವು ನಿಲ್ದಾಣ ಹೋಗಿ, ಎದುರಿನ ಗಾಡಿ ಹಿಡಿದು ವಾಪಸು ಊರೊಳಗೆ ಬಂದೆ. ಮೂರ್‌ಫೀಲ್ಡ್ಸ್‌ನಲ್ಲಿ ನೆಲದಾಳಕ್ಕೆ ಇಳಿದು ವಿರಲ್ ಮಾರ್ಗ ಸೇರಿದೆ. ನದಿಯಾಚೆಯಿಂದ ಬರುವ ಗಾಡಿಗಳೆಲ್ಲ ನಗರದ ಕೆಳಗೆ ಒಂದೇ ಹಳಿಯ ಸುತ್ತಿನಲ್ಲಿ ಪ್ರದಕ್ಷಿಣೆ ಹಾಕುತ್ತವೆ: ಜೇಮ್ಸ್ ಸ್ಟ್ರೀಟ್, ಮೂರ್‌ಫೀಲ್ಡ್ಸ್, ಲೈಮ್ ಸ್ಟ್ರೀಟ್, ಸೆಂಟ್ರಲ್, ಮತ್ತೆ ಜೇಮ್ಸ್ ಸ್ಟ್ರೀಟ್. ಅಲ್ಲಿಂದ ನದಿಯ ಕೆಳಗೆ ಧುಮುಕಿ ಆಚೆ ದಡದ ಹ್ಯಾಮಿಲ್ಟನ್ ಸ್ಕ್ವೇರ್‌ನಲ್ಲಿ ಏಳುತ್ತವೆ.

ಈ ಸುರಂಗ 1886ರದು. ಆಗ ಇದರಲ್ಲಿ ಓಡಿದ್ದು ಉಗಿಬಂಡಿ. ನದಿಯ ತಳದಲ್ಲಿ, ಆ ಕಡಿದಾದ ಏರಿನಲ್ಲಿ ಕಲ್ಲಿದ್ದಲು ಉರಿಸುತ್ತಾ ಹತ್ತುವುದೆಂದರೆ ಹೊಗೆ ಹೇಗಿದ್ದಿರಬೇಕು ಯೋಚಿಸು. ಗಾಳಿ ಎಳೆಯುವ ಭಾರಿ ಫ್ಯಾನುಗಳಿದ್ದರೂ ಜನ ಮೂಗು ಮುಚ್ಚಿಕೊಂಡು ದೋಣಿಗೇ ಮರಳಿದರು, ಕಂಪನಿ ದಿವಾಳಿಯಾಯಿತು. 1903ರಲ್ಲಿ ವಿದ್ಯುತ್ ಹಾಕಿದ ಮೇಲೆಯೇ ಅದಕ್ಕೆ ಜೀವ ಬಂದದ್ದು. ಹ್ಯಾಮಿಲ್ಟನ್ ಸ್ಕ್ವೇರ್ ನಿಲ್ದಾಣದಲ್ಲಿ ಲಿಫ್ಟುಗಳಿಗೆ ನೀರಿನ ಒತ್ತಡ ಕೊಡಲು ಕಟ್ಟಿದ ಇಟ್ಟಿಗೆಯ ಗೋಪುರ ಈಗಲೂ ಇದೆ. ಅದರ ಎದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ವಿದ್ಯುತ್ ರೈಲುಗಳು ಪದೇ ಪದೇ ಓಡುತ್ತವೆ ಎಂಬ ಜಾಹೀರಾತು. ಹೊಗೆಯಿಲ್ಲ, ಬನ್ನಿ ಎಂದು ಕೈಮುಗಿದು ಕರೆದ ಹಾಗಿದೆ.

011 ಅಲ್ಲಿಯೇ ಸಿಕ್ಕಿತು, ನ್ಯೂ ಬ್ರೈಟನ್ ಕಡೆಗೆ ಹೊರಟಿತ್ತು. ಕೊನೆಯವರೆಗೂ ಹೋದೆ. ಕಡಲ ದಂಡೆಯಲ್ಲಿ, ಹಳೆಯ ಕೋಟೆ ಮತ್ತು ಬೆಳಕಿಲ್ಲದ ದೀಪಸ್ತಂಭದ ಎದುರು, ಡಬ್ಬಿಯ ಚಿತ್ರಾನ್ನ ತಿಂದೆ. ನದಿಯಾಚೆ ಹಡಗುಕಟ್ಟೆಯ ಕೆಂಪು ಕ್ರೇನುಗಳು. ಚಿತ್ರಾನ್ನಕ್ಕೆ ನಿಂಬೆ ಸ್ವಲ್ಪ ಜಾಸ್ತಿಯಾಗಿತ್ತು. ಸೀಗಲ್ ಹಕ್ಕಿಯೊಂದು ಕಡಲೆಬೀಜಕ್ಕೆ ಹೊಂಚು ಹಾಕಿ ಕೂತು, ಕೊಟ್ಟಾಗ ಮೂಸಿಯೂ ನೋಡಲಿಲ್ಲ.

148ನ್ನು ಇನ್ನೊಂದು ದಿನ ನೋಡಿದರಾಯಿತು ಎಂದುಕೊಂಡೇ ಹಿಂದಿರುಗಿದೆ. ಆದರೆ ಟಿಕೆಟ್ ಇನ್ನೂ ನಡೆಯುತ್ತಿತ್ತಲ್ಲ. ಕರ್ಕ್‌ಡೇಲ್ ನಿಲ್ದಾಣದ ಪಕ್ಕದಲ್ಲೇ ಈ ಗಾಡಿಗಳ ಶೆಡ್. ಅದನ್ನಾದರೂ ಕಿಟಕಿಯಿಂದ ನೋಡಿಬರೋಣವೆಂದು ಸೆಂಟ್ರಲ್ ನಿಲ್ದಾಣಕ್ಕೆ ಇಳಿದೆ. ಹೆಡ್‌ಬೋಲ್ಟ್ ಲೇನ್ ಎಂಬ ಫಲಕ, ಕೆಳಗೆ ನಿಂತ ಗಾಡಿ, ಮೂತಿಯ ಮೇಲೆ 777148. ಮಧ್ಯಾಹ್ನ ಯಾವುದೋ ಸೆಟ್ಟನ್ನು ಶೆಡ್ಡಿಗೆ ಎಳೆದುಕೊಂಡು ಇದನ್ನು ಹೊರಗೆ ಬಿಟ್ಟಿದ್ದರು. ಡ್ರೈವರ್ ಹಿಂದಿನ ಮೊದಲ ಸೀಟಿನಲ್ಲಿ ಹೋಗಿ ಕೂತೆ.

ಒಂದು ನಿಲ್ದಾಣ ಹೋದರೆ ಸಾಕಿತ್ತು. ಆದರೆ ಬ್ಯಾಟರಿ ಗಾಡಿಯಲ್ಲಿ ಕೂತು ಬ್ಯಾಟರಿ ಓಟ ಬರುವ ಮೊದಲೇ ಇಳಿಯುವುದುಂಟೇ? ಕರ್ಬಿ ನಿಲ್ದಾಣ ದಾಟಿದ ಮೇಲೆ ಮೂರನೆಯ ಹಳಿ ಮುಗಿಯುತ್ತದೆ. ಸುರಕ್ಷತೆಯ ಕಾರಣಕ್ಕೆ ನೆಲಮಟ್ಟದಲ್ಲಿ ಹೊಸದಾಗಿ ವಿದ್ಯುತ್ ಹಳಿ ಹಾಸಲು ಇಲ್ಲಿ ಈಗ ಸುಲಭಕ್ಕೆ ಒಪ್ಪಿಗೆ ಸಿಗುವುದಿಲ್ಲ. ಆದ್ದರಿಂದ ಮಾರ್ಗವನ್ನು ಕರ್ಬಿಯಿಂದ ಮುಂದಿನ ಹೆಡ್‌ಬೋಲ್ಟ್ ಲೇನ್‌ವರೆಗೆ ಬೆಳೆಸಿ 2023ರ ಅಕ್ಟೋಬರ್‌ನಲ್ಲಿ ತೆರೆದಾಗ, ಆ ಕೊನೆಯ ತುಂಡಿಗೆ ಬ್ಯಾಟರಿಯನ್ನೇ ನೆಚ್ಚಿಕೊಂಡರು. ದಾರಿಯುದ್ದಕ್ಕೂ ಮೂರನೆಯ ಹಳಿಯಿಂದ ತುಂಬಿಸಿಕೊಂಡದ್ದನ್ನು ಅಲ್ಲಿ ಖರ್ಚು ಮಾಡುತ್ತಾ ಗಾಡಿ ಹೋಗುತ್ತದೆ. ದೀಪ ಮಿಣುಕುತ್ತದೇನೋ, ದನಿ ಬದಲಾಗುತ್ತದೇನೋ ಎಂದು ಕಿವಿಗೊಟ್ಟು ಕೂತೆ. ಏನೂ ಆಗಲಿಲ್ಲ. ಎದುರು ಸೀಟಿನ ಹುಡುಗಿ ಮೊಬೈಲಿನಿಂದ ತಲೆ ಎತ್ತಲಿಲ್ಲ. ಎಂಜಿನಿಯರುಗಳ ಕೆಲಸ ಒಳ್ಳೆಯದಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ, ಆದರೂ ನನಗೆ ಸ್ವಲ್ಪ ನಿರಾಸೆಯಾಯಿತು.

ಹೆಡ್‌ಬೋಲ್ಟ್ ಲೇನ್‌ನಲ್ಲಿ ಹಳಿ ತಡೆಗಂಬಕ್ಕೆ ಬಂದು ನಿಲ್ಲುತ್ತದೆ. ಅದರಾಚೆ, ನಡೆದು ದಾಟುವಷ್ಟು ದೂರದಲ್ಲಿ, ಮತ್ತೊಂದು ತಡೆಗಂಬ. ಅಲ್ಲಿಂದ ವಿಗನ್, ಮ್ಯಾಂಚೆಸ್ಟರ್ ಕಡೆಗೆ ಬೇರೆ ಕಂಪನಿಯ ಡೀಸೆಲ್ ಗಾಡಿ. ಮೊದಲು ಒಂದೇ ಆಗಿದ್ದ ಮಾರ್ಗವನ್ನು ಹೀಗೆ ತುಂಡರಿಸಿ ಎದುರುಬದುರು ನಿಲ್ಲಿಸುವುದು ಈ ಸೀಮೆಯವರಿಗೆ ಅಭ್ಯಾಸ. ಆರ್ಮ್ಸ್‌ಕರ್ಕ್‌ನಲ್ಲೂ 1970ರಿಂದ ಹಾಗೆಯೇ ಇದೆ. ಪ್ರಯಾಣಿಕರು ಇಳಿದು, ನಡೆದು, ಮತ್ತೆ ಹತ್ತಬೇಕು. ಇದು ನನಗೆ ಎಂದೂ ಸರಿಯೆನಿಸಿಲ್ಲ.

ಅಲ್ಲೇ ಬೆಂಚಿನ ಮೇಲೆ ಕೂತು 148ರ ಕೆಳಗೆ ಗೆರೆ ಎಳೆದೆ. ಪುಟದ ಚಿತ್ರ ಕಳಿಸಿದ್ದೇನೆ. ನೀನು ಗೇಲಿ ಮಾಡುತ್ತೀಯ ಎಂದು ಗೊತ್ತಿದ್ದೇ ಕಳಿಸಿದ್ದೇನೆ. ಕೃಷ್ಣರಾಜಪುರಂ ಶೆಡ್ಡಿನ ಡಬ್ಲ್ಯುಎಪಿ-7 ಎಂಜಿನ್ನುಗಳ ಚಿತ್ರ ತೆಗೆದು ಸ್ಟೇಟಸ್ಸಿಗೆ ಹಾಕುವವನು ಯಾರೆಂದು ನನಗೂ ಗೊತ್ತು.

ಡಿಸೆಂಬರ್ ಕೊನೆಗೆ ಊರಿಗೆ ಬರುತ್ತೇನೆ. ಅತ್ತಿಗೆಗೆ ನಮಸ್ಕಾರ ತಿಳಿಸು. ಹಾಸನದಿಂದ ಮಂಗಳೂರಿಗೆ ಘಾಟಿಯ ಮೇಲೆ ಹಗಲು ಹೋಗುವ ಗಾಡಿ ಯಾವ ಯಾವ ದಿನ ಇದೆ ಎಂದು ವಿಚಾರಿಸಿ ಎರಡು ಕಿಟಕಿ ಸೀಟು ಮಾಡಿಸಿಡು. ಎಂಜಿನ್ ನಂಬರು ನೀನೇ ಬರೆದುಕೊಳ್ಳಬೇಕು, ಈ ಸಲ ನನ್ನ ಪುಸ್ತಕ ಕೊಡುವುದಿಲ್ಲ.

ನಿನ್ನ,
ಹಳೆಯ ಪ್ಲಾಟ್‌ಫಾರಂ ಜೊತೆಗಾರ