ಬಾಂಡ್ ಪೇಪರ್ ಬರೆಸಿದರೆ ಗಾರ್ಡಿಯನ್ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ಅಪ್ಪ–ಅಮ್ಮ ತೀರಿಕೊಂಡ ಮಗುವನ್ನು ಚಿಕ್ಕಪ್ಪನೋ ಸೋದರಮಾವನೋ ಮನೆಗೆ ಕರೆತಂದು, ‘ಇನ್ನು ನಾನೇ ಪೋಷಕ’ ಎಂದು ಬಾಂಡ್ ಪೇಪರ್‌ನಲ್ಲಿ ಬರೆಸಿ ನೋಟರಿ ಸೀಲು ಹಾಕಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಶಾಲೆಗೆ ಸೇರಿಸಲು ಅದು ನಡೆದೀತು. ಮಗುವಿನ ಹೆಸರಿನ ಜಮೀನು ಮಾರಲು ನಡೆಯದು. ಬರೀ ಸಾಕುತ್ತಿರುವ ಕಾರಣಕ್ಕೆ ಆಸ್ತಿ ವಿಲೇವಾರಿ ಮಾಡುವಂತಿಲ್ಲ ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆಯ 11ನೇ ಕಲಂ.

ಸರಿಯಾದ ದಾರಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಮಗುವಿನ ಜನ್ಮದಿನಾಂಕ, ಆಸ್ತಿಯ ಅಂದಾಜು ಬೆಲೆ, ಹತ್ತಿರದ ಬಂಧುಗಳ ಹೆಸರು, ವಿಳಾಸ ಎಲ್ಲವೂ ಅದರಲ್ಲಿರಬೇಕು. ಜತೆಗೆ ಪೋಷಕರಾಗಲು ಒಪ್ಪಿಗೆಯ ಪತ್ರ, ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಜಗಳವಾಡಿದ ದೊಡ್ಡಪ್ಪನ ಹೆಸರನ್ನು ಬೇಕೆಂದೇ ಬಿಟ್ಟರೆ ಆತ ತಕರಾರು ತೆಗೆದು ಕೇಸು ಎಳೆಯುತ್ತಾನೆ.

ತಾಯಿ ಬದುಕಿದ್ದರೆ, ಆಕೆ ಅನರ್ಹಳೆಂದು ನ್ಯಾಯಾಲಯಕ್ಕೆ ಅನಿಸದ ಹೊರತು ಅಜ್ಜ–ಅಜ್ಜಿಗೂ ಮಗುವಿನ ಪೋಷಕತ್ವ ಸಿಗದು. ಮರುಮದುವೆಯೊಂದೇ ಅನರ್ಹತೆಯಲ್ಲ, ಊರ ಪಂಚಾಯ್ತಿಗಳು ಇದನ್ನು ಒಪ್ಪುವುದೇ ಇಲ್ಲ! ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಪರಿಗಣಿಸಬಹುದು.

ಪೋಷಕರೆಂದು ನೇಮಿಸಿದ ಆದೇಶ ಕೈಗೆ ಬಂತೆಂದು ಆಸ್ತಿ ಮಾರುವ ಹಾಗಿಲ್ಲ. ಮಾರಾಟ, ಅಡಮಾನ, 5 ವರ್ಷ ಮೀರಿದ ಗುತ್ತಿಗೆ, ಪ್ರತಿಯೊಂದಕ್ಕೂ ನ್ಯಾಯಾಲಯದ ಮುಂಚಿತ ಅನುಮತಿ ಬೇಕು. ಇಲ್ಲವಾದರೆ ಮಗು 18 ದಾಟಿದ ಮೇಲೆ ಆ ಕ್ರಯಪತ್ರ ರದ್ದುಪಡಿಸುವಂತೆ ದಾವೆ ಹೂಡಬಹುದು.