ಕಲ್ಲಿನಿಂದ ನಡವಳಿ ಪುಸ್ತಕದವರೆಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಗೌರಿಬಿದನೂರಿನಲ್ಲಿ ನೀವೆಲ್ಲ ಸೇರಿ ಇತಿಹಾಸ ಸಂಘ ಕಟ್ಟಿದ ಸುದ್ದಿ ತಿಳಿದು ತುಂಬ ಸಂತೋಷವಾಯಿತು. ನೀನು ಕಳಿಸಿದ ವರ್ಷದ ಪಟ್ಟಿಯನ್ನೂ ನೋಡಿದೆ: ಹನ್ನೆರಡು ತಿಂಗಳು, ಹನ್ನೆರಡು ಉಪನ್ಯಾಸ. ಉಪನ್ಯಾಸವೇ ಬೇಡ ಅನ್ನುವುದಿಲ್ಲ ಕಣಯ್ಯ, ಮೂರು ಸಾಕು. ಉಳಿದ ತಿಂಗಳುಗಳಲ್ಲಿ ಜನ ಎದ್ದು ಹೋಗಿ ಒಂದು ದಾಖಲೆಯನ್ನು ತಾವೇ ಓದಲಿ. ಅದು ಕಲ್ಲಾಗಿರಬಹುದು, ಹಳೆಯ ಸಭೆಯ ನಡವಳಿಯಾಗಿರಬಹುದು, ಪಹಣಿಯಾಗಿರಬಹುದು. ಓದಿ ತಿಳಿದದ್ದು ಕೊನೆಗೆ ಪಂಚಾಯಿತಿಯ ಪುಸ್ತಕದಲ್ಲಿ ಬರಹಕ್ಕಿಳಿಯಲಿ. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ನಿನ್ನ ಪಟ್ಟಿಯನ್ನು ತಿದ್ದಿದ್ದೇನೆ.

ಶಾಲೆ ತೆರೆಯುವ ಜೂನ್‌ನಿಂದಲೇ ವರ್ಷ ಶುರುವಾಗಲಿ. ಮೊದಲ ಎರಡು ತಿಂಗಳು ಕಲ್ಲುಗಳಿಗೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಊರೂರು ಹುಡುಕಿಸಿ, ಸುಮಾರು 9,000 ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. ನಿಮ್ಮ ತಾಲ್ಲೂಕಿನವು 10ನೇ ಸಂಪುಟದಲ್ಲಿವೆ. ಅದರ ಮೇಲೆ ಕೋಲಾರ ಜಿಲ್ಲೆ ಎಂದಿರುತ್ತದೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಇದು ಗೊತ್ತಿಲ್ಲದೆ ಚಿಕ್ಕಬಳ್ಳಾಪುರದ ಹೆಸರಲ್ಲಿ ಹುಡುಕಿ, ಏನೂ ಸಿಗಲಿಲ್ಲ ಎಂದು ಕೈಬಿಡುವವರು ಬಹಳ. ಒಂದೊಂದು ಶಾಸನಕ್ಕೂ ತಾಲ್ಲೂಕಿನ ಕ್ರಮಸಂಖ್ಯೆ, ಊರು, ಕಲ್ಲು ನಿಂತಿದ್ದ ಜಾಗ ಕೊಟ್ಟಿದ್ದಾರೆ. ಕನ್ನಡ ಪಾಠವಿದೆ, ರೋಮನ್ ಲಿಪಿಯ ಪಾಠವಿದೆ, ಇಂಗ್ಲಿಷ್ ಅನುವಾದವೂ ಇದೆ. ನಿನ್ನ ತಾಲ್ಲೂಕಿನ ಪುಟಗಳನ್ನಷ್ಟೇ ನಕಲು ಮಾಡಿಸಿ ಊರುವಾರು ವಿಂಗಡಿಸು. ಊರ ಹೆಸರುಗಳ ಕಾಗುಣಿತ ನೂರು ವರ್ಷಕ್ಕೂ ಹಿಂದಿನದು. ಹೊಂದದೆ ಹೋದಾಗ ಪಕ್ಕದ ಊರುಗಳ ಹೆಸರಿನಿಂದ ಪತ್ತೆ ಹಚ್ಚಬೇಕು.

ಆಮೇಲೆ ಹೋಗಿ ನೋಡುವ ಕೆಲಸ. ಪುಸ್ತಕದಲ್ಲಿರುವ ಕಲ್ಲು ಈಗ ಇದೆಯೇ, ಇದ್ದ ಜಾಗದಲ್ಲೇ ಇದೆಯೇ, ಪುಸ್ತಕದಲ್ಲಿಲ್ಲದ ಕಲ್ಲು ಇನ್ನಾವುದಾದರೂ ಇದೆಯೇ, ಈ ಮೂರನ್ನು ಕೇಳಿಕೊಂಡು ಹೊರಡಿ. ಒಂದು ತಂಡಕ್ಕೆ ನಾಲ್ಕು ಜನ: ಅಳೆಯುವವರು, ಬರೆಯುವವರು, ಫೋಟೊ ತೆಗೆಯುವವರು, ಊರವರ ಜೊತೆ ಮಾತಾಡುವವರು. ಒಂದು ದಿನಕ್ಕೆ ಎರಡು ಊರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪ್ರತಿ ಕಲ್ಲಿಗೂ ಎತ್ತರ, ಅಗಲ, ದಪ್ಪ, ಮುಖ ಯಾವ ದಿಕ್ಕಿಗಿದೆ ಎಂಬುದು, ಜಿಪಿಎಸ್ ಗುರುತು, ಜಮೀನಿನ ಸರ್ವೆ ನಂಬರ್ ಬರೆದುಕೊಳ್ಳಿ. ಸರ್ವೆ ನಂಬರ್ ಬಿಟ್ಟುಹೋದರೆ ಮುಂದೆ ಕಂದಾಯ ಇಲಾಖೆಯಲ್ಲಾಗಲಿ ಪಂಚಾಯಿತಿಯಲ್ಲಾಗಲಿ ಆ ಕಲ್ಲಿನ ಬಗ್ಗೆ ಮಾತೇ ಮುಂದುವರಿಯುವುದಿಲ್ಲ.

ಅಕ್ಷರ ಕಾಣದಿದ್ದಾಗ ಸೀಮೆಸುಣ್ಣ ತುಂಬುವುದು, ಹಿಟ್ಟು ಉಜ್ಜುವುದು, ಎಣ್ಣೆ ಬಳಿಯುವುದು ಇನ್ನೂ ನಡೆದಿದೆ. ಯಾವುದೂ ಬೇಡ. ಎಣ್ಣೆ ಧೂಳನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಸೀಮೆಸುಣ್ಣದಲ್ಲಿ ನಾವು ಊಹಿಸಿದ ಗೆರೆಯೇ ಅಕ್ಷರವಾಗಿಬಿಡುತ್ತದೆ, ಆಮೇಲೆ ಬಂದವರು ಅದನ್ನೇ ಓದುತ್ತಾರೆ. ತಂತಿ ಬ್ರಷ್ ಮತ್ತು ಆಸಿಡ್‌ನಂತೂ ಹತ್ತಿರಕ್ಕೆ ತರಬೇಡಿ. ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್, ಅಷ್ಟೇ. ಸುಣ್ಣದ ಪದರವೋ ಪೇಂಟೋ ಕೂತಿದ್ದರೆ ಅದನ್ನು ತೆಗೆಯುವುದು ಪುರಾತತ್ವ ಇಲಾಖೆಯ ತಜ್ಞರ ಕೆಲಸ. ಓದಲು ಬೇಕಾದದ್ದು ಓರೆ ಬೆಳಕು. ಬೆಳಿಗ್ಗೆ ಏಳರ ಬಿಸಿಲು ಅಥವಾ ಸಂಜೆ ಐದರ ಬಿಸಿಲು ಸವೆದ ಅಕ್ಷರವನ್ನು ಎತ್ತಿ ತೋರಿಸುತ್ತದೆ. ಕತ್ತಲಾದ ಮೇಲಾದರೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಎಡದಿಂದ, ಬಲದಿಂದ, ಮೇಲಿನಿಂದ ಒಂದೊಂದು ಚಿತ್ರ ತೆಗೆಯಿರಿ. ಟಾರ್ಚ್ ಎದುರಿಗೆ ಹಿಡಿದರೆ ನೆರಳು ಬೀಳದೆ ಅಕ್ಷರ ಮಾಯವಾಗುತ್ತದೆ.

ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳನ್ನು ಕಾಗದಕ್ಕೆ ಒತ್ತಿ ತೆಗೆಯುವುದನ್ನು ಮೊದಲ ವರ್ಷ ನೀವೇ ಮಾಡಲು ಹೋಗಬೇಡಿ, ಬಲ್ಲವರನ್ನು ಕರೆಸಿ ತೋರಿಸಿ. ಒದ್ದೆ ಮಾಡಿದ ಕಾಗದವನ್ನು ತೊಳೆದ ಕಲ್ಲಿನ ಮೇಲೆ ಹಾಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್‌ನಿಂದ ತಟ್ಟುತ್ತಾ ಅಕ್ಷರದ ತಗ್ಗಿಗೆ ಇಳಿಸುತ್ತಾರೆ. ಅರ್ಧ ಒಣಗಿದ ಮೇಲೆ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತಿದಾಗ ಉಬ್ಬು ಭಾಗ ಕಪ್ಪಾಗಿ ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ಕಾಗದ ಪೂರ್ತಿ ಒದ್ದೆಯಿದ್ದಾಗಲೇ ಮಸಿ ಹಾಕಿದರೆ ಅದು ಇಳಿದು ಕಲ್ಲಿಗೇ ಹತ್ತುತ್ತದೆ. ತೀರಾ ಒಣಗಲು ಬಿಟ್ಟರೆ ಗಾಳಿಗೆ ಕಾಗದ ಏಳುತ್ತದೆ. ಹದ ಕೈಗೆ ಬರಲು ಕಾಲ ಬೇಕು.

ಕಲ್ಲೆಂದರೆ ಬರಹವಿರುವ ಕಲ್ಲು ಮಾತ್ರ ಎಂದುಕೊಳ್ಳಬೇಡಿ. ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ವೀರಗಲ್ಲಿನ ಕೆಳ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಮಕ್ಕಳು ಅದನ್ನು ಕೆಳಗಿನಿಂದ ಮೇಲಕ್ಕೆ ಕಥೆಯಂತೆ ಓದಿಬಿಡುತ್ತಾರೆ. ಸತಿಹೋದವಳ ನೆನಪಿನ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ಕೈ ಹುಡುಕಬೇಕು. ಇವುಗಳಲ್ಲಿ ಎಷ್ಟೋ ಇಂದಿಗೂ ಪೂಜೆಗೊಳ್ಳುವ ದೇವರುಗಳು. ಕೇಳದೆ ಮುಟ್ಟಬಾರದು, ಚಪ್ಪಲಿ ಹಾಕಿಕೊಂಡು ಹತ್ತಿರ ಹೋಗಬಾರದು.

ದಾನಶಾಸನ ಸಿಕ್ಕಿದರೆ ತೇದಿಯನ್ನು ಮಕ್ಕಳ ಕೈಲೇ ಲೆಕ್ಕ ಮಾಡಿಸಿ. ಶಕವರ್ಷಕ್ಕೆ 78 ಕೂಡಿಸಬೇಕು. ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ ಸಾಮಾನ್ಯವಾಗಿ 79. ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಿ. ಒಂದು ವರ್ಷದ ಅಂತರ ಬಂದರೆ ಗಾಬರಿ ಬೇಡ, ಪೂರ್ತಿ ಮುಗಿದ ವರ್ಷವನ್ನು ಎಣಿಸಿದ್ದಾರೋ ನಡೆಯುತ್ತಿರುವ ವರ್ಷವನ್ನೋ ಎಂಬುದರಿಂದ ಹಾಗಾಗುತ್ತದೆ. ಕೆರೆಯ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿಸಿ ಕಾಯುವುದಕ್ಕಾಗಿ ಬಿಟ್ಟುಕೊಟ್ಟ ಭೂಮಿ ಅದು. ಆಂಧ್ರದ ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನವಂತೂ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಆ ಕೆರೆಗೆ ಸಾವಿರ ಕೂಲಿಗಳು, ನೂರು ಗಾಡಿಗಳು, ಎರಡು ವರ್ಷ ಹಿಡಿದವು. ಆ ಪಟ್ಟಿಯನ್ನು ಹಿಡಿದುಕೊಂಡು ನಿಮ್ಮ ಊರ ಕೆರೆಯ ಏರಿ, ತೂಬು, ಕೋಡಿ, ರಾಜಕಾಲುವೆಗಳನ್ನು ಸುತ್ತಿ ಬನ್ನಿ. ಯಾವುದು ಉಳಿದಿದೆ, ಯಾವುದು ಒತ್ತುವರಿಯಾಗಿದೆ ಎಂದು ಜನರೇ ಗುರುತು ಮಾಡುತ್ತಾರೆ. ನಾಗರಿಕ ಶಿಕ್ಷಣವೆಂದರೆ ನನ್ನ ಮಟ್ಟಿಗೆ ಇದೇ. ನಡಿಗೆಗೆ 25 ಜನ, ಎರಡು ಕಿಲೋಮೀಟರ್, ಆರು ನಿಲುಗಡೆ ಸಾಕು. ಜನ ಹೆಚ್ಚಾದರೆ ಹಿಂದಿನವರಿಗೆ ಕೇಳಿಸುವುದಿಲ್ಲ, ಅವರು ಬೇರೆ ಮಾತಿಗೆ ಇಳಿಯುತ್ತಾರೆ.

ಆಗಸ್ಟ್ 15ಕ್ಕೆ ಹೆಚ್ಚೇನೂ ಬೇಡ, ಒಂದು ವಿಷಯ ತಿಳಿಸಿ. 1947ರ ಆ ದಿನ ಮೈಸೂರು ಸಂಸ್ಥಾನದ ಜನರಿಗೆ ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ, ಇನ್ನೂ ಸಿಕ್ಕಿರಲಿಲ್ಲ. ಅದಕ್ಕಾಗಿ ಮೈಸೂರು ಚಲೋ ಚಳವಳಿ ನಡೆದು, ಕೆ.ಸಿ. ರೆಡ್ಡಿಯವರ ಸರ್ಕಾರ ಬಂದದ್ದು 1947ರ ಅಕ್ಟೋಬರ್‌ನಲ್ಲಿ.

ದಸರಾ ಸಮಯಕ್ಕೆ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ವಿಷಯ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಇದು ಮೊದಲ ಸಲ ಸೇರಿದ್ದು 1881ರ ಅಕ್ಟೋಬರ್ 7ರಂದು, 144 ಪ್ರತಿನಿಧಿಗಳೊಂದಿಗೆ. ಅವರು ಅಹವಾಲು ಹೇಳಬಹುದಿತ್ತು, ತೀರ್ಮಾನ ಸರ್ಕಾರದ ಕೈಯಲ್ಲೇ ಇತ್ತು. ಸಭೆಯ ಅಚ್ಚಾದ ನಡವಳಿಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಿ. ಕೆರೆ, ರಸ್ತೆ, ಕಂದಾಯದ ಕುರಿತ ಒಂದು ಅಹವಾಲನ್ನೂ ಅದಕ್ಕೆ ಸಿಕ್ಕ ಉತ್ತರವನ್ನೂ ಆರಿಸಿ, ಮಕ್ಕಳಿಗೆ ಪಾತ್ರ ಹಂಚಿ ಓದಿಸಿ. ಪಕ್ಕದಲ್ಲೇ ನಿಮ್ಮ ಗ್ರಾಮಸಭೆಯ ಕಳೆದ ನಡವಳಿ ಇಡಿ. ಯಾರು ಮಾತಾಡಬಹುದು, ಯಾರು ಉತ್ತರ ಕೊಡಬೇಕು, ಕೊಡದಿದ್ದರೆ ಏನು, ಈ ಮೂರು ಪ್ರಶ್ನೆಗೆ ಎರಡರಲ್ಲೂ ಉತ್ತರ ಹುಡುಕಲಿ.

ನವೆಂಬರ್ 26 ಸಂವಿಧಾನ ದಿನ. ಪೀಠಿಕೆ ಓದಿ ಮುಗಿಸುವುದು ಎಲ್ಲ ಕಡೆ ಇದ್ದದ್ದೇ. ಅದರ ಜೊತೆ 49ನೇ ವಿಧಿಯನ್ನೂ, 51ಎ ವಿಧಿಯಲ್ಲಿ ಪರಂಪರೆಯನ್ನು ಕಾಪಾಡುವ ಕರ್ತವ್ಯ ಹೇಳುವ ಭಾಗವನ್ನೂ ಓದಿಸಿ. ಮೊದಲನೆಯದು ಸ್ಮಾರಕ ಕಾಯುವ ಹೊಣೆಯನ್ನು ರಾಜ್ಯದ ಮೇಲಿಡುತ್ತದೆ, ಎರಡನೆಯದು ನಮ್ಮ ಮೇಲೆ. ಲಕ್ಷ್ಮೇಶ್ವರದ ಎಂಟನೇ ಶತಮಾನದ ಶಾಸನವನ್ನೂ ಸೇರಿಸಬಹುದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಆ ಪಟ್ಟಣಕ್ಕೆ ಕೊಟ್ಟ ಆಚಾರವ್ಯವಸ್ಥೆ ಅದು. ರಾಜನ ಅಧಿಕಾರಿಗಳಿಗೂ ಪಟ್ಟಣದವರಿಗೂ ಪರಸ್ಪರ ಇರುವ ಹಕ್ಕು ಬಾಧ್ಯತೆಗಳನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಆದರೆ ಅದನ್ನು ನಮ್ಮ ಮೊದಲ ಸಂವಿಧಾನ ಎಂದು ಹೇಳಬೇಡ. ಅಂದು ಕೊಟ್ಟವನು ಅರಸು, 1949ರಲ್ಲಿ ಕೊಟ್ಟುಕೊಂಡವರು ಜನ.

ಇನ್ನು ಏಪ್ರಿಲ್ 25, ನಿಮ್ಮ ತಾಲ್ಲೂಕಿನದೇ ಆದ ವಿದುರಾಶ್ವತ್ಥ. ಇದಕ್ಕೆ ಜನವರಿಯಿಂದಲೇ ತಯಾರಿ ಬೇಕು. ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸುವ ಧ್ವಜ ಸತ್ಯಾಗ್ರಹವಾದ ಅದೇ ತಿಂಗಳು, 1938ರಲ್ಲಿ, ಇಲ್ಲಿ ಜಾತ್ರೆಗೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತಾಡಿ, ಕಾಂಗ್ರೆಸ್ ಬಾವುಟ ಹಾರಿಸಲು ಅನುಮತಿ ಸಿಕ್ಕಿತು. ಸತ್ತವರ ಲೆಕ್ಕದಲ್ಲಿ ಸರ್ಕಾರಿ ವಿಚಾರಣೆ ಹೇಳಿದ್ದಕ್ಕೂ ಜನ ಹೇಳುವುದಕ್ಕೂ ಬಹಳ ಅಂತರವಿದೆ. ಫಲಕದಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ಹಾಕಬೇಡಿ. ಎರಡನ್ನೂ ಹಾಕಿ, ಯಾವುದು ಎಲ್ಲಿಂದ ಬಂತು ಎಂದು ಬರೆಯಿರಿ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಮಾತು ರೂಢಿಯಲ್ಲಿದೆ; ಅದನ್ನೇ ತಲೆಬರಹ ಮಾಡಿದರೆ ಜನ ಅಮೃತಸರವನ್ನು ನೆನೆಯುತ್ತಾರೆ, ಇದು ನಡೆದ ಪಿನಾಕಿನಿ ನದಿಯ ದಂಡೆಯನ್ನು ಮರೆಯುತ್ತಾರೆ.

ಅಂದು ಹತ್ತು ವರ್ಷದವರಿದ್ದವರಿಗೆ ಈಗ ತೊಂಬತ್ತೈದು ದಾಟಿದೆ. ಕಂಡವರು ಸಿಗುವುದು ಬಲು ಅಪರೂಪ, ಕೇಳಿದವರು ಸಿಗುತ್ತಾರೆ. ಧ್ವನಿಮುದ್ರಣದ ಹಾಳೆಯಲ್ಲಿ ‘ಕಂಡದ್ದು’, ‘ಕೇಳಿದ್ದು, ಯಾರಿಂದ’ ಎಂಬ ಎರಡು ಕಾಲಂ ಕಡ್ಡಾಯ ಮಾಡಿ. ತೆಲುಗಿನಲ್ಲಿ ಮಾತಾಡುವ ಅಜ್ಜಿಯನ್ನು ಕನ್ನಡಕ್ಕೆ ಎಳೆಯಬೇಡಿ. ಅವರ ತೆಲುಗನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಅನುವಾದ ಬೇರೆ ಮಾಡಿ. ಇಸವಿ ಕೇಳಿದರೆ ಯಾರೂ ಹೇಳಲಾರರು. ಗಾಂಧಿ ತೀರಿಕೊಂಡ ವರ್ಷಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮುದ್ರಣಕ್ಕೆ ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಿರಿ. ಮಾತು ಮುಗಿದ ಮೇಲೆ ಸಹಿ ಕೇಳಿದರೆ ಮನೆಯವರಿಗೆ ಅನುಮಾನ ಬರುತ್ತದೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಆರೇಳು ಗಂಟೆ ಬೇಕು, ಹಾಗಾಗಿ ಹತ್ತು ಜನಕ್ಕಿಂತ ಹೆಚ್ಚು ಒಪ್ಪಿಕೊಳ್ಳಬೇಡಿ.

ಫಲಕಗಳ ಬಗ್ಗೆ ಒಂದು ಎಚ್ಚರಿಕೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಫ್ಲೆಕ್ಸ್ ಅಂಗಡಿಯ ಹಳೆಯ ನುಡಿ ಫಾಂಟಿಗೆ ಬದಲಿಸಿದಾಗ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ತಪ್ಪು ಅಕ್ಷರಕ್ಕೆ ಹೋಗಿ ಕೂರುತ್ತದೆ. ಪಿಡಿಎಫ್ ಮಾಡಿಯೇ ಕೊಡಿ, ಮುದ್ರಿಸುವ ಮೊದಲು ಎ4 ಹಾಳೆಯಲ್ಲಿ ಒಂದು ಪ್ರತಿ ತೆಗೆಸಿ ಇಬ್ಬರು ಓದಿ. ಒಂದು ಫಲಕಕ್ಕೆ 70 ಪದ ಸಾಕು.

ಕೊನೆಯ ಹೆಜ್ಜೆಯೇ ಬಹಳ ಸಂಘಗಳಲ್ಲಿ ತಪ್ಪಿಹೋಗುತ್ತದೆ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ನಿಮ್ಮ ಕಲ್ಲುಗಳ ಪಟ್ಟಿಯನ್ನು ಸರ್ವೆ ನಂಬರ್ ಮತ್ತು ಫೋಟೊ ಸಮೇತ ಮೊದಲೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಅರ್ಜಿಯಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೊದಲು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮಸಭೆಯಲ್ಲಿ ಓದಿಸಿ. ಎಲ್ಲರೂ ಚಪ್ಪಾಳೆ ತಟ್ಟಿ ಆಗಲಿ ಎಂದರೆ ಕೆಲಸ ಆದಂತಲ್ಲ. ಕಲ್ಲುಗಳನ್ನು ಇದ್ದಲ್ಲೇ ಉಳಿಸಬೇಕು, ರಸ್ತೆ ಚರಂಡಿ ಕಾಮಗಾರಿಗೆ ಮುಂಚೆ ಈ ಪಟ್ಟಿ ನೋಡಬೇಕು ಎಂಬ ಎರಡು ವಾಕ್ಯ ನಡವಳಿಯಲ್ಲಿ ಬರಬೇಕು, ಅದರ ದೃಢೀಕೃತ ಪ್ರತಿ ನಿಮ್ಮ ಕೈಗೆ ಬರಬೇಕು. ಇಲ್ಲವಾದರೆ ಮುಂದಿನ ಚುನಾವಣೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ, ಜೆಸಿಬಿ ಬಂದ ದಿನ ತೋರಿಸಲು ಕಾಗದವೂ ಇರುವುದಿಲ್ಲ.

ಮಳೆ ಹಿಡಿಯುವ ಮೊದಲು ಎರಡು ಊರು ಆರಿಸಿಕೊ. ಒಂದು ಸಂಪುಟದಲ್ಲಿ ಇರುವ ಊರು, ಇನ್ನೊಂದು ಇಲ್ಲದ ಊರು. ಮೊದಲ ಹತ್ತು ಕಲ್ಲುಗಳ ಹಾಳೆ ತುಂಬಿದ ಕೂಡಲೇ ಕಳಿಸು, ಓರೆ ಬೆಳಕಿನ ಚಿತ್ರಗಳನ್ನೂ ಜೊತೆಗಿಡು. ಇಬ್ಬರೂ ಕೂತು ಓದೋಣ.

ನಿನ್ನ,
ಹಳೆಯ ಗೆಳೆಯ