ನನಗಾಗಿ ಸೂಜಿ ಚುಚ್ಚಿಸಿಕೊಂಡವರಿಗೆ

ನನಗೆ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ಟ್ರಾನ್ಸ್‌ಪ್ಲಾಂಟ್ ಆಗಿ ಎರಡು ವರ್ಷ ತುಂಬಿತು. ಮೊನ್ನೆ ಎಂಎಂಆರ್ ಲಸಿಕೆಯೂ ಆಯಿತು. ದಡಾರ, ಮಂಗನಬಾವು, ರುಬೆಲ್ಲಾ ಬರದಂತೆ ಮಕ್ಕಳಿಗೆ ಹಾಕುತ್ತಾರಲ್ವಾ, ಅದೇ ಇಂಜೆಕ್ಷನ್. ಇಲ್ಲಿವರೆಗೆ ನನ್ನನ್ನು ಕಾಪಾಡಿಕೊಂಡು ಬಂದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು.

ರಕ್ತದ ಕ್ಯಾನ್ಸರ್‌ಗೆ ಸ್ಟೆಮ್ ಸೆಲ್ ಹಾಕುವ ಮೊದಲು ಜೋರು ಕೀಮೋ ಕೊಡುತ್ತಾರೆ. ಚಿಕ್ಕಂದಿನ ಲಸಿಕೆಗಳಿಂದ ಬಂದಿದ್ದ ಶಕ್ತಿಯೂ ಆಮೇಲೆ ಬಹುಪಾಲು ಹೋಗಿಬಿಡುತ್ತದೆ. ಎಲ್ಲಾ ಮೊದಲಿಂದ ಹಾಕಿಸಬೇಕು. ಫ್ಲೂ, ಹೆಪಟೈಟಿಸ್ ಬಿ, ಪೋಲಿಯೊ ಇಂಜೆಕ್ಷನ್‌ಗಳಲ್ಲಿ ಜೀವಂತ ವೈರಸ್ ಇರುವುದಿಲ್ಲ, ಕೆಲವು ತಿಂಗಳಿಗೇ ಶುರು ಮಾಡುತ್ತಾರೆ. ಎಂಎಂಆರ್‌ನಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅದಕ್ಕೆ ಕಡಿಮೆ ಅಂದರೂ 24 ತಿಂಗಳು ಕಾಯಬೇಕು, ಇಮ್ಯುನಿಟಿ ತಗ್ಗಿಸುವ ಮಾತ್ರೆಗಳೂ ನಿಂತಿರಬೇಕು.

ಅಷ್ಟು ದಿನ ನನ್ನನ್ನು ಕಾಯ್ದದ್ದು ಸುತ್ತಲಿನವರು ಹಾಕಿಸಿಕೊಂಡ ಲಸಿಕೆ. ಸ್ಟೆಮ್ ಸೆಲ್ ಕೊಟ್ಟ ತಮ್ಮ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮನೆಮಂದಿಗೆಲ್ಲ ಫ್ಲೂ ಇಂಜೆಕ್ಷನ್ ಹಾಕಿಸಿದ. ಸೂಜಿ ಕಂಡರೆ ಹೆದರುವ ಅಮ್ಮನೂ ತುಟಿಪಿಟಕ್ಕೆನ್ನದೆ ತೋಳು ಕೊಟ್ಟರು.

ಪಲ್ಸ್ ಪೋಲಿಯೊ ಮರುದಿನ ಮನೆಗೆ ಬಂದ ಆಶಾ ಅಕ್ಕನನ್ನು ಮರೆಯಲಾರೆ. ಪೋಲಿಯೊ ಹನಿಯಲ್ಲಿರುವ ಜೀವಂತ ವೈರಸ್ ಕೆಲವು ವಾರ ಮಗುವಿನ ಮಲದಲ್ಲಿ ಬರುತ್ತದೆ, ನನ್ನಂಥವರಿಗೆ ಅಪಾಯ. ತಮ್ಮನ ಮಗಳಿಗೆ ಇಂಜೆಕ್ಷನ್ನೇ ಹಾಕಿಸುತ್ತೇವೆ ಎಂದಾಗ ಅವರು ಬೇಸರಪಡಲಿಲ್ಲ. ಲಸಿಕೆ ಡಬ್ಬಿ ಕೆಳಗಿಟ್ಟು ಪೂರ್ತಿ ಕೇಳಿದರು, ಡಾಕ್ಟರಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡರು. ಬೆರಳಿಗೆ ಶಾಯಿ ಹಚ್ಚಲಿಲ್ಲ ಅಂತ ಮಗು ಅತ್ತಾಗ ಅಂಗೈ ಮೇಲೆ ಪೆನ್ನಿನಲ್ಲಿ ಹೂವು ಬರೆದುಕೊಟ್ಟರು. ಅಕ್ಕಾ, ನಿಮಗೆ ಕೈಮುಗಿಯುತ್ತೇನೆ.

ಮುಖವನ್ನೇ ನೋಡದವರೂ ಇದ್ದಾರೆ. ಟ್ರಾನ್ಸ್‌ಪ್ಲಾಂಟ್ ಆದವರಿಗೆ ಸರ್ಪಸುತ್ತಿನ ಕಾಟ ಜಾಸ್ತಿ. ಅದಕ್ಕೆ ಜೀವಂತ ವೈರಸ್ ಇಲ್ಲದ ಲಸಿಕೆ ಬಂದಾಗ, ತಮ್ಮದೇ ಸ್ಟೆಮ್ ಸೆಲ್ ವಾಪಸ್ ಪಡೆದ 1,800ಕ್ಕೂ ಹೆಚ್ಚು ಜನ 28 ದೇಶಗಳಲ್ಲಿ ಟ್ರಯಲ್‌ಗೆ ಒಪ್ಪಿದರು. ಸುಮಾರು ಅರ್ಧ ಜನರಿಗೆ ಸಿಕ್ಕಿದ್ದು ಬರೀ ಪ್ಲಸೀಬೊ, ಅಂದರೆ ಲಸಿಕೆಯೇ ಇಲ್ಲದ ಇಂಜೆಕ್ಷನ್. 2019ರಲ್ಲಿ ಫಲಿತಾಂಶ ಬಂತು: ಲಸಿಕೆ ಪಡೆದವರಲ್ಲಿ ಸರ್ಪಸುತ್ತು ಸುಮಾರು 68% ಕಡಿಮೆ. ಇನ್ನೂ ಸುಸ್ತಿನಲ್ಲಿದ್ದವರು ಮುಂದಿನವರಿಗಾಗಿ ತೋಳು ಕೊಟ್ಟರಲ್ಲ, ಅದು ಸಣ್ಣ ಮಾತಲ್ಲ. ಟ್ರಾನ್ಸ್‌ಪ್ಲಾಂಟ್ ಆದವರನ್ನು ಕಾಡುವ ಸಿಎಂವಿ ಎಂಬ ಇನ್ನೊಂದು ವೈರಸ್ ತಡೆಯುವ ಲಸಿಕೆಗೂ ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಆಸ್ಪತ್ರೆಯಂಥ ಕಡೆ ರೋಗಿಗಳು ಹೀಗೇ ಮುಂದೆ ಬಂದಿದ್ದಾರೆ. ಅವರೆಲ್ಲರಿಗೂ ನಾನು ಋಣಿ.

ಕೊನೆಗೆ ಡೇ ಕೇರ್ ಸಿಸ್ಟರ್. ಯಾವ ಲಸಿಕೆ ಯಾವಾಗ ಅಂತ ನನ್ನ ಫೈಲಿನ ಒಳರಟ್ಟಿಗೆ ಚೀಟಿ ಅಂಟಿಸಿದ್ದು, ತಪ್ಪದೆ ಫೋನ್ ಮಾಡಿ ಕರೆಸಿದ್ದು ಅವರೇ. ಎಂಎಂಆರ್ ಎರಡನೇ ಡೋಸ್ ಇನ್ನೂ ಬಾಕಿ ಇದೆ. ಸಿಸ್ಟರ್, ಅದನ್ನೂ ನೀವೇ ಹಾಕಬೇಕು.